ಮುನ್ನೂರ ಅರವತ್ತು ಮೊಟ್ಟೆಗಳ ಬಗ್ಗೆ ಒಂದು ಅಹವಾಲು

ನನ್ನ ಮೊಬೈಲಿನಲ್ಲಿ ಹಸಿರೆಲೆಯ ಗುರುತಿನಡಿ ವಿರಾಜಮಾನರಾಗಿರುವ 'ಪಥ್ಯಬಂಧು' ಆ್ಯಪ್‌ನವರ ಸನ್ನಿಧಾನಕ್ಕೆ, ಗೋಣಿಬೀಡಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಶ್ರೀಹರಿಯ ಸಾಷ್ಟಾಂಗ ನಮಸ್ಕಾರಗಳು. ಹೊಟ್ಟೆ ಅಡ್ಡ ಬಂದದ್ದರಿಂದ ಎಂಟರಲ್ಲಿ ಮೂರು ಅಂಗ ನೆಲ ಮುಟ್ಟಿಲ್ಲ, ಮನ್ನಿಸಬೇಕು.

ಮಾನ್ಯರೇ,

ತಮ್ಮ ಪರಿಚಯಭಾಗ್ಯ ನನಗೆ ಒದಗಿದ್ದು ಲಿವರಿನ ದೆಸೆಯಿಂದ. ಚಿಕ್ಕಮಗಳೂರಿನ ಡಾಕ್ಟರು ಸ್ಕ್ಯಾನ್ ನೋಡಿ, ಲಿವರಿನ ಕೊಬ್ಬು ಎರಡನೇ ದರ್ಜೆ ತಲುಪಿದೆ, ಮೂರು ತಿಂಗಳ ಸಕ್ಕರೆಯ ಸರಾಸರಿ 6.1, ಅಂದರೆ ಮಧುಮೇಹದ ಜಗಲಿಯ ಮೇಲೆ ಕೂತಿದ್ದೀರಿ ಎಂದರು. ಬಿ.ಎ.ಯಲ್ಲಿ ಬಾರದ ಎರಡನೇ ದರ್ಜೆ ಕೊನೆಗೂ ಬಂತಲ್ಲ ಎಂದು ನಾನು ನಕ್ಕೆ. ಡಾಕ್ಟರು ನಗಲಿಲ್ಲ. "ಇಲ್ಲಿಂದ ವಾಪಸ್ ಬರ್ಬಹುದು ಶ್ರೀಹರಿಯವ್ರೇ. ಲಿವರ್ ಗಟ್ಟಿಯಾಗ್ತಾ ಹೋದ್ರೆ ವಾಪಸ್ ಬರೋದು ಕಷ್ಟ" ಎಂದರು. ನನ್ನ ಹೆಂಡತಿ ಮಾಲವಿಕಾಳ ತಂದೆ ಲಿವರಿನ ಕಾಯಿಲೆಯಲ್ಲೇ ತೀರಿಕೊಂಡವರು. ಅವಳು ಬಸ್ಸು ಮೂಡಿಗೆರೆ ದಾಟುವಷ್ಟರಲ್ಲಿ ತಮ್ಮನ್ನು ನನ್ನ ಮೊಬೈಲಿಗೆ ಇಳಿಸಿಬಿಟ್ಟಿದ್ದಳು.

ತಾವು ದಯಪಾಲಿಸಿದ ಪಟ್ಟಿಯನ್ನು ಪ್ರಾಸಬದ್ಧಗೊಳಿಸದೆ ಇರಲು ನನ್ನಿಂದಾಗಲಿಲ್ಲ: ಬೆಳಿಗ್ಗೆ ಓಟ್ಸು, ಮಧ್ಯಾಹ್ನ ಸ್ಪ್ರೌಟ್ಸು, ಸಂಜೆಗೆ ನಾಲ್ಕೇ ನಟ್ಸು, ಮಲಗಿದರೆ ಬರೀ ಡೌಟ್ಸು. ಸಕ್ಕರೆಯಿಲ್ಲದ ಕರಿಕಾಫಿ ಕುಡಿಯಿರೆಂದು ತಾವು ಹೇಳಿದ್ದೂ ಸರಿಯೇ. ಆದರೆ ಕಾಫಿ ಬೆಳೆಯುವ ನಮ್ಮ ಕಡೆ ಯಾರ ಮನೆಯಲ್ಲಾದರೂ ಅದನ್ನು ಕೇಳಿದರೆ, ನಿಮ್ಮಲ್ಲಿ ಯಾರು ಹೋಗಿಬಿಟ್ಟರು ಎಂಬಂತೆ ಮುಖ ನೋಡುತ್ತಾರೆ.

ಇರಲಿ, ವಿಷಯಕ್ಕೆ ಬರುತ್ತೇನೆ. ತಿನ್ನುವ ಮುಂಚೆ ತಟ್ಟೆಯ ಫೋಟೋ ತೆಗೆದು ತಮಗೆ ನೈವೇದ್ಯ ಮಾಡಬೇಕೆಂಬುದು ತಮ್ಮ ನಿಯಮ. ನನ್ನ ಅಂಗಡಿಯ ಎದುರು ದೇವೀರಮ್ಮನವರ ಹೋಟೆಲು. ಮೊದಲ ದಿನವೇ ಅವರು ನನ್ನ ಡಬ್ಬಿಗೆ ಇಣುಕಿ, "ಇದೆಂಥದು ಭಟ್ರೇ, ಕಾಳು ಮೊಳಕೆ ಬಂದ್ರೆ ಗದ್ದೆಗೆ ಹಾಕೋದು, ಬಾಯಿಗಲ್ಲ. ಕಡುಬು ಬಿಸಿ ಇದೆ, ತಿನ್ನಿ ಮಾರಾಯ್ರೆ" ಎಂದು ಅಕ್ಕಿತರಿಯ ಐದು ಬೆಳ್ಳನೆಯ ಉಂಡೆಗಡುಬು ತಂದಿಟ್ಟರು. ನಾನು ಪಾಪಭೀತಿಯಿಂದಲೇ ಫೋಟೋ ತೆಗೆದೆ. ತಾವು ಕ್ಷಣಕಾಲ ಧ್ಯಾನಸ್ಥರಾಗಿ, "ಐದು ಬೇಯಿಸಿದ ಮೊಟ್ಟೆ. ಅದ್ಭುತ ಆಯ್ಕೆ!" ಎಂದು ಸಾರಿ, ಪರದೆಯ ತುಂಬ ಬಣ್ಣದ ಕಾಗದ ಚೂರುಗಳನ್ನು ಹಾರಿಸಿದಿರಿ.

ತಮ್ಮ ದಿವ್ಯದೃಷ್ಟಿಯನ್ನು ಹೇಗೆ ಹೊಗಳಲಿ! ಕಡುಬಿನಲ್ಲಿ ಮೊಟ್ಟೆಯನ್ನೂ ಕಾಯಿಚಟ್ನಿಯಲ್ಲಿ ಅವಕಾಡೊವನ್ನೂ ಕಾಣುವ ಸಮದರ್ಶಿತ್ವ ಋಷಿಗಳಿಗೂ ಸುಲಭವಲ್ಲ. ಕೆಳಗೆ 'ತಪ್ಪಿದ್ದರೆ ತಿದ್ದಿ' ಎಂಬ ಸಣ್ಣ ಗುಂಡಿ ಇತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಒತ್ತಲಿಲ್ಲ. ದಿನಕ್ಕೈದು, ವಾರಕ್ಕಾರು ದಿನ, ಹನ್ನೆರಡು ವಾರ ಒತ್ತಲಿಲ್ಲ. ಡಬ್ಬಿಯ ಮೊಳಕೆಕಾಳು ಬಸ್‌ಸ್ಟ್ಯಾಂಡಿನ ಹಸುವಿನ ಪಾಲಾಗಿ, ಅದರ ಮೈಕಟ್ಟು ಈಗ ನೋಡುವಂತಿದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾವಿಬ್ಬರೂ ಗುಟ್ಟಾಗಿ ಸುಖವಾಗಿರುತ್ತಿದ್ದೆವು. ಆದರೆ ತಾವು, ನಾನು ಓದದೆ ಒತ್ತಿದ ಯಾವುದೋ ಅನುಮತಿಯ ಬಲದಿಂದ, ಕಳಸದ ಕಡೆಯ ನಮ್ಮ ಪುರೋಹಿತ ಬಂಧುಬಳಗ ಅರವತ್ಮೂರು ಮಂದಿ ಇರುವ ವಾಟ್ಸಾಪ್ ಗುಂಪಿಗೆ, "ಶ್ರೀಹರಿ ಅವರು ಮುನ್ನೂರ ಅರವತ್ತು ಮೊಟ್ಟೆ ಸೇವಿಸಿ 'ಪ್ರೋಟೀನ್ ಕೇಸರಿ' ಆಗಿದ್ದಾರೆ, ಹಾರೈಸಿ" ಎಂದು ಡಂಗುರ ಹೊಡೆದಿರಿ. ಯಾರೂ ಹಾರೈಸಲಿಲ್ಲ. ಚಿಕ್ಕಪ್ಪ ವೆಂಕಟರಾಮ ಅವರು ಬರುವ ತಿಂಗಳ ತಿಥಿಗೆ ನಾನು ಬಾರದಿದ್ದರೂ ನಡೆಯುತ್ತದೆಂದು ತಿಳಿಸಿದರು. ಸೋದರತ್ತೆ ಅಂಬುಜಾ ಫೋನ್ ಮಾಡಿ, "ಮುನ್ನೂರರವತ್ತಾ ಹರೀ? ಕೋಳಿಗಾದ್ರೂ ಒಂದಿನ ರಜೆ ಬೇಡ್ವೇನೋ?" ಎಂದರು.

ಮಾನ್ಯರೇ, ನನ್ನ ಫಜೀತಿಯನ್ನು ಊಹಿಸಿ. ಮೊಟ್ಟೆಯಲ್ಲ, ಕಡುಬು ಎಂದರೆ ಹೆಂಡತಿಗೆ ಮೋಸ ಮಾಡಿದವ, ಹೌದು ಎಂದರೆ ಕುಲಕ್ಕೆ ಹೊರಗಾದವ. ನಾನು ಬಾಯಿ ತೆರೆಯುವ ಮೊದಲೇ ಮಾಲವಿಕಾ ಫೋನ್ ಕಿತ್ತುಕೊಂಡು, "ತಿನ್ಲಿ ಬಿಡಿ ಅತ್ತೆ. ನಿಮ್ಗೆ ಮಡಿ ಮುಖ್ಯ, ನಂಗೆ ಇವ್ರು ಮುಖ್ಯ" ಎಂದುಬಿಟ್ಟಳು. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಅತ್ತೆಗೆ ಎದುರಾಡಿದ್ದು ಅದೊಂದೇ ಸಲ, ಅದೂ ನಾನು ತಿನ್ನದ ಮೊಟ್ಟೆಗಾಗಿ.

ಮಾರನೆಯ ದಿನ ಪರೀಕ್ಷೆಯಾಯಿತು. ಸಕ್ಕರೆ 6.4. ಇನ್ನೊಂದು ಕೂದಲೆಳೆ ಏರಿದರೆ ಜಗಲಿ ದಾಟಿ ನಡುಮನೆ. ಲಿವರಿನ ಅಂಕಿಗಳೂ ಮೇಲಕ್ಕೆ. "ಮೊಟ್ಟೆ ತಿಂದು ಸಕ್ಕರೆ ಹೇಗೆ ಏರ್ತು?" ಎಂದು ತಾವಿಟ್ಟ ಲೆಕ್ಕ ನೋಡಿ ಡಾಕ್ಟರು ಕೇಳಿದಾಗ ಮಾಲವಿಕಾಳ ಎದುರಿಗೇ ಕಡುಬಿನ ಕಥೆ ಹೇಳಿದೆ, ರೂಢಿಯಂತೆ ತಮಾಷೆಯಾಗಿಯೇ. ಡಾಕ್ಟರು ಬಿದ್ದು ಬಿದ್ದು ನಕ್ಕರು. ಅವಳು ಮಾತ್ರ, "ಅಪ್ಪನೂ ಹೀಗೇ ನಗಿಸ್ತಿದ್ರು" ಎಂದು ಕಿಟಕಿಯ ಕಡೆ ತಿರುಗಿದಳು. ಅದಕ್ಕೆ ಪ್ರಾಸ ನನಗೆ ಇನ್ನೂ ಸಿಕ್ಕಿಲ್ಲ.

ಆದಕಾರಣ ನನ್ನ ಬೇಡಿಕೆಗಳು ಹೀಗಿವೆ. ಬಂಧುಗಳ ಗುಂಪಿಗೆ ತಾವೇ ಕ್ಷಮಾಪಣೆ ಬರೆದು, ಕಳಸದವರೆಗೆ ನಡೆದುಹೋಗಿ ಚಿಕ್ಕಪ್ಪನವರ ಕಾಲು ಹಿಡಿಯತಕ್ಕದ್ದು. ಮುನ್ನೂರ ಅರವತ್ತು ಕಡುಬನ್ನು ನನ್ನ ಲಿವರಿನಿಂದ ಒಂದೊಂದಾಗಿ ವಾಪಸ್ ಪಡೆಯತಕ್ಕದ್ದು. ಅಷ್ಟು ಸಾಧ್ಯವಾಗದಿದ್ದರೆ ದಯವಿಟ್ಟು ಸುಮ್ಮನಿರತಕ್ಕದ್ದು. ಡಾಕ್ಟರು ಈಗ ಓಟ್ಸನ್ನು ಕೈಬಿಟ್ಟು ಬೇರೆ ಪಥ್ಯ ಬರೆದಿದ್ದಾರೆ: ಕಡುಬು ಎರಡೇ, ಪಕ್ಕದಲ್ಲಿ ಅರ್ಧ ತಟ್ಟೆ ಪಲ್ಯ, ಹುರುಳಿಕಾಳಿನ ಸಾರು, ಅಂಗಡಿಗೆ ನಡೆದೇ ಹೋಗುವುದು. ತಟ್ಟೆಯನ್ನು ನೋಡುವ ಕೆಲಸ ಮಾಲವಿಕಾಳದು. ಅವಳಿಗೆ ಕಡುಬು ಕಡುಬಾಗಿಯೇ ಕಾಣುತ್ತದೆ.

ಇಷ್ಟಾದರೂ ತಮ್ಮನ್ನು ಮೊಬೈಲಿನಿಂದ ಕಿತ್ತುಹಾಕುವ ಧೈರ್ಯ ಸಾಲದ,

ತಮ್ಮ ವಿಶ್ವಾಸಿ,
ಶ್ರೀಹರಿ, ಪದಚ್ಯುತ ಪ್ರೋಟೀನ್ ಕೇಸರಿ

ಮರೆತ ಮಾತು: ಮೂರು ತಿಂಗಳಿಗೆ ಮತ್ತೆ ರಕ್ತಪರೀಕ್ಷೆ ಇದೆ. ಆ ವರದಿಯ ಫೋಟೋವನ್ನು ತಾವು ಎಷ್ಟೇ ಕೇಳಿದರೂ ಕಳಿಸುವುದಿಲ್ಲ. ಅದರಲ್ಲಿ ಏನೇ ಬರೆದಿದ್ದರೂ ತಾವು "ಅದ್ಭುತ!" ಎನ್ನುತ್ತೀರಿ, ಮತ್ತು ನನ್ನ ದುರ್ಗುಣ ನನಗೆ ಗೊತ್ತು, ನಾನು ನಂಬಿಬಿಡುತ್ತೇನೆ.