ಹತ್ತರ ಕಟ್ಟು

ಅಥಣಿಯಿಂದ ಆಚೆ ನಮ್ಮ ತೋಟದ ಮನೆಯಲ್ಲಿ ನಾನು, ಒಂದನೇ ಇಯತ್ತೆಯ ಮಗಳು ಇಬ್ಬರೇ. ಕೂಗಿದರೆ ಎಮ್ಮೆ ಮಾತ್ರ ಓಗೊಡುತ್ತದೆ. ಮನೆಯವರು ಪುಣೆಯಲ್ಲಿ ಕಂಪನಿ ಕೆಲಸಕ್ಕಿದ್ದಾರೆ, ತಿಂಗಳಿಗೊಮ್ಮೆ ಬರುತ್ತಾರೆ. ಉಳಿದ ದಿನ ಜಗಳಾಡಲು ನನಗೆ ಮಗಳೇ ಗತಿ. ಸಂಜೆ ಪಾಟಿ-ಬಳಪ ಹಿಡಿದು ಕೂತೆವೆಂದರೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ.

೧. ನಂಬಿಗೆ

ಶಾಲೆಯ ಅಕ್ಕೋರು ಕಡ್ಡಿ ಲೆಕ್ಕ ಹೇಳಿಕೊಟ್ಟಿದ್ದರು. ಹತ್ತು ಕಡ್ಡಿ ಸೇರಿಸಿ ದಾರ ಸುತ್ತಿದರೆ ಒಂದು ಕಟ್ಟು. ಪಕ್ಕದಲ್ಲಿ ನಾಲ್ಕು ಬಿಡಿ ಕಡ್ಡಿ ಇಟ್ಟರೆ ಹದಿನಾಲ್ಕು. ಹತ್ತನೇ ಇಯತ್ತೆ ಕಲಿತವಳಿಗೆ ಇದೇನು ಮಹಾ ಎಂದು ಕಸಬರಿಗೆಯ ಕಡ್ಡಿ ಮುರಿದೆ. ಕಟ್ಟು ಕೈಗೆ ಕೊಟ್ಟ ಕೂಡಲೇ ಮಗಳು ದಾರ ಬಿಚ್ಚಿ ಎಣಿಸಿದಳು. ಮತ್ತೆ ಕಟ್ಟಿದೆ. ಮತ್ತೆ ಬಿಚ್ಚಿದಳು.

"ಹತ್ತ ಅದಾವು ಅಂದ್ನೆಲ್ಲಾ! ನನ್ನ ಮ್ಯಾಲ ನಂಬಿಗಿ ಇಲ್ಲೇನ?"

"ಸಂತ್ಯಾಗ ನೀ ಮೆಂತೆಪಲ್ಲೆ ಸೂಡು ಬಿಚ್ಚಿ ನೋಡ್ತಿಯಲ್ಲ, ಆ ಪಲ್ಲೆ ಮಾರೂ ಆಯಿ ಮ್ಯಾಲ ನಿನಗ ನಂಬಿಗಿ ಐತೇನ?"

೨. ಹದಿನೈದರ ಮುಂದೆ

ಒಂದೊಂದು ಸಂಖ್ಯೆಗೂ ಬೇರೆ ಬೇರೆ ಕಟ್ಟು ಮಾಡುತ್ತ ಹದಿನೈದರವರೆಗೆ ಬಂದೆವು. ಅಕ್ಕೋರು ನನ್ನನ್ನು ಶಾಲೆಗೆ ಕರೆಸಿದರು.

"ನಿಮ್ಮ ಮಗಳು ಹದಿನಾರು ಬರೀ ಅಂದ್ರ ಬರ್ಯಾಂಗಿಲ್ರಿ. ಯಾಕಂತ ನೀವ ಕೇಳ್ರಿ."

ಕೇಳಿದೆ. ಇಡೀ ವರ್ಗದ ಮುಂದೆ ಹೇಳಿದಳು:

"ನಮ್ಮ ಮನ್ಯಾಗ ಕಸಬರಿಗಿ ಮುಗದೈತ್ರಿ."

೩. ಹದಿನಾರು

ಕಡ್ಡಿಯ ಸಹವಾಸ ಸಾಕೆಂದು ಒಣದ್ರಾಕ್ಷಿ ತೆಗೆದೆ. ಹತ್ತು ಬಟ್ಟಲಲ್ಲಿ, ಆರು ಅವಳ ಅಂಗೈಯಲ್ಲಿ. ಎಮ್ಮೆಗೆ ನೀರಿಟ್ಟು ಬರುವಷ್ಟರಲ್ಲಿ ಅಂಗೈ ಖಾಲಿ.

"ಹದಿನಾರು ಎಲ್ಲಿ ಬೇ?"

"ಎಲ್ಲೂ ಹೋಗಿಲ್ಲವ್ವಾ. ಹತ್ತು ಬಟ್ಟಲದಾಗ, ಆರು ಹೊಟ್ಟ್ಯಾಗ. ಕೂಡಸು."

ಕೂಡಿಸಿದೆ. ಹದಿನಾರೇ ಬಂತು.

೪. ಒಂದೇ ಉಳಿದಿದೆ

ಒಂದು ಸಲ ಮನೆಯವರಿಗೆ ರಜೆ ಸಿಗಲಿಲ್ಲ. ಫೋನಿನಲ್ಲಿ, "ಇನ್ನ ಹದಿನಾರು ದಿನಾ ತಡಿ" ಎಂದರು. ಅವರಿಗೆ ಬೈಯಬೇಕಾದದ್ದನ್ನೆಲ್ಲ ಎಮ್ಮೆಗೆ ಬೈದೆ. ಆಮೇಲೆ ಹೊಸ ಕಸಬರಿಗೆ ಮುರಿದು, ಹತ್ತರ ಒಂದು ಕಟ್ಟು, ಆರು ಬಿಡಿ ಕಡ್ಡಿ ಗೋಡೆಯ ಗೂಡಿನಲ್ಲಿಟ್ಟೆ. ದಿನಾ ಬೆಳಿಗ್ಗೆ ಒಂದು ಕಡ್ಡಿ ಒಲೆಗೆ. ಅಪ್ಪ ಬರುವ ಲೆಕ್ಕವೆಂದರೆ ಮಗಳಿಗೆ ಭಾರಿ ಹುರುಪು. ನಿಜ ಹೇಳಬೇಕೆಂದರೆ, ಅವಳಿಗಿಂತ ಮೊದಲು ಎದ್ದು ಗೂಡಿನ ಕಡೆ ನೋಡುತ್ತಿದ್ದವಳು ನಾನು.

ಬಿಡಿ ಕಡ್ಡಿ ಮುಗಿದ ಮರುದಿನ ಮಗಳು ದೀಪಾವಳಿಯ ಫ್ರಾಕು ತೊಟ್ಟು, ಕಟ್ಟು ಹಿಡಿದು ಬಾಗಿಲಲ್ಲಿ ಕೂತಿದ್ದಳು.

"ಎಲ್ಲಿಗೆ ಸವಾರಿ?"

"ಅಪ್ಪ ಬರ್ತಾನ. ಒಂದ ಉಳದೈತಿ."

"ಒಂದಲ್ಲ, ಹತ್ತ!"

"ಒಂದ ಕಟ್ಟು. ನೀನ ಹೇಳೀದಿ."

"ತಾ ಇಲ್ಲಿ, ಬಿಚ್ಚಿ ತೋರಸ್ತೀನಿ."

ಕಂಡ ಕಟ್ಟನ್ನೆಲ್ಲ ಬಿಚ್ಚಿ ಎಣಿಸುತ್ತಿದ್ದವಳು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ಬ್ಯಾಡವ್ವಾ, ಬಿಚ್ಚಬ್ಯಾಡ! ಬಿಚ್ಚಿದರ ಹತ್ತ ಆಗತಾವು."