ಹ್ಞೂಂ ಎಂದ ಗಿಟಾರ್

ಗಿಟಾರ್ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಬನಶಂಕರಿ ಎರಡನೇ ಹಂತದಲ್ಲಿ, ತಲೆಯ ಮೇಲೆ ಅರ್ಧ ಕೂದಲು ಮಾತ್ರ ಉಳಿದು, ಆ ಅರ್ಧವನ್ನೇ ಭುಜದವರೆಗೆ ಬಿಟ್ಟುಕೊಂಡಿರುವ ಮನುಷ್ಯನ ಮನೆ ಎಲ್ಲಿ ಎಂದು ಕೇಳಿ. ಸೊಪ್ಪು ಮಾರುವವರೂ ತೋರಿಸುತ್ತಾರೆ. ನಾನು ಪ್ರಸನ್ನ. ಕನ್ನಡ ರಾಕ್ ಬ್ಯಾಂಡೊಂದರ ಗಿಟಾರಿಸ್ಟ್.

ನನ್ನ ಬಳಿ ಎರಡು ಎಲೆಕ್ಟ್ರಿಕ್ ಗಿಟಾರ್‌ಗಳಿದ್ದವು. ಒಂದು ಕೆಂಪಿ, ಇನ್ನೊಂದು ಕರಿಯ. ಎರಡನ್ನೂ ಅಂಗಡಿಯಿಂದ ತಂದ ಹಾಗೆ ಬಿಟ್ಟವನಲ್ಲ ನಾನು. ಕೆಂಪಿಯ ಒಳಗಿನ ವೈರಿಂಗನ್ನೆಲ್ಲ ಕಿತ್ತು ನನಗೆ ಬೇಕಾದ ಹಾಗೆ ಹಾಕಿಸಿದ್ದೆ. ಕರಿಯನಿಗೆ ದಪ್ಪ ತಂತಿ ಬಿಗಿದು ಶ್ರುತಿ ಇಳಿಸಿದ್ದೆ. ಮಗಳ ಜಡೆಯನ್ನು ದಿನಕ್ಕೊಂದು ಥರ ಹೆಣೆಯುವ ತಾಯಿಯಂತೆ ಸದಾ ಅವುಗಳ ಹಿಂದೆಯೇ ಇರುತ್ತಿದ್ದೆ.

ಇಷ್ಟು ಕಾಲ ನಮ್ಮ ಬ್ಯಾಂಡು ನುಡಿಸಿದ್ದು ಕಾಲೇಜು ಫೆಸ್ಟುಗಳಲ್ಲಿ ಮತ್ತು ಅಪಾರ್ಟ್‌ಮೆಂಟುಗಳ ರಾಜ್ಯೋತ್ಸವದಲ್ಲಿ, ಅದೂ ಊಟಕ್ಕೆ ಎಲೆ ಹಾಕುವ ತನಕ ಮಾತ್ರ. ಈ ವರ್ಷ ಮೊದಲ ಸಲ ನಿಜವಾದ ಟೂರ್ ಸಿಕ್ಕಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿ! ಐವತ್ತಕ್ಕೆ ಹತ್ತಿರವಾದ ನನಗೆ ಇಂಥದ್ದು ಇನ್ನೊಮ್ಮೆ ಸಿಗುವುದಿಲ್ಲ ಎಂದು ಚೆನ್ನಾಗಿ ಗೊತ್ತಿತ್ತು. ದೊಡ್ಡ ಸ್ಟೇಜಿನ ನಟ್ಟನಡುವೆ ಒಮ್ಮೆ ನಿಲ್ಲಬೇಕು. ನನ್ನ ಆಸೆ ಅಷ್ಟೇ.

ಅಂಥ ಟೂರಿಗೆ ವಿಶೇಷವಾದ ಮೂರನೇ ಗಿಟಾರ್ ಬೇಡವೇ?

ಅದೇ ಸಮಯಕ್ಕೆ ಜಯನಗರದಲ್ಲಿ ನನ್ನ ದೊಡ್ಡಮ್ಮನ ಹಳೆಯ ಮನೆಯನ್ನು ಫ್ಲ್ಯಾಟ್ ಕಟ್ಟಲು ಕೆಡವುತ್ತಿದ್ದರು. ನೆಂಟರೆಲ್ಲ ಕಿಟಕಿ, ಒರಳುಕಲ್ಲು ಎಂದು ಒಂದೊಂದನ್ನು ಕೇಳಿ ಒಯ್ದರು. ನಾನು ಹೊಸ್ತಿಲು ಕೇಳಿದೆ.

"ಹೊಸ್ತಿಲು ತಗೊಂಡು ಏನೋ ಮಾಡ್ತೀಯ?" ಎಂದರು ದೊಡ್ಡಮ್ಮ.

"ಗಿಟಾರ್ ಮಾಡಿಸ್ತೀನಿ ದೊಡ್ಡಮ್ಮ. ಚೆನ್ನಾಗಿ ಒಣಗಿರೋ ತೇಗ. ಸೌಂಡ್ ಸಖತ್ತಾಗಿ ಬರುತ್ತೆ."

"ದಿನಾ ಬೆಳಿಗ್ಗೆ ತೊಳೆದು ಅರಿಶಿನ ಕುಂಕುಮ ಇಟ್ಟಿರೋದು ಕಣೋ ಅದಕ್ಕೆ. ಯಾರ್‍ದೋ ಒಲೆಗೆ ಹೋಗೋದಕ್ಕಿಂತ ವಾಸಿ. ಮರ್ಯಾದೆಯಿಂದ ತಗೊಂಡ್ಹೋಗು."

ನಾನು ಮರ್ಯಾದೆಯಿಂದಲೇ ಹೋದೆ. ಚರ್ಮದ ಬೂಟು, ಕಪ್ಪು ಕನ್ನಡಕ, ಕೊರಳಿಗೆ ಕೆಂಪಿ. ಟೂರಿನ ಪ್ರಚಾರಕ್ಕೆ ವಿಡಿಯೊ ಆಗಬೇಕಿತ್ತಲ್ಲ! ಗೋಡೆಗಳೆಲ್ಲ ಬಿದ್ದು, ಬಾಗಿಲ ಚೌಕಟ್ಟು ಮಾತ್ರ ಬಯಲಿನಲ್ಲಿ ಒಂಟಿಯಾಗಿ ನಿಂತಿತ್ತು. ನಾನು ಬೂಟುಗಾಲನ್ನು ಹೊಸ್ತಿಲ ಮೇಲೆ ಊರಿ ಗಿಟಾರ್ ಎತ್ತಿ ಹಿಡಿದೆ. ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಿದ್ದ ಹೆಂಡತಿ ವಾಣಿ ಕೈ ಇಳಿಸಿದಳು.

"ರೀ, ಹೊಸ್ತಿಲು ತುಳೀತಾ ಇದೀರಿ."

"ಮನೆಯೇ ಇಲ್ಲ, ಇನ್ನು ಹೊಸ್ತಿಲೆಲ್ಲಿ ಬಂತು? ನೀನು ತೆಗಿ."

ಆ ಕ್ಷಣಕ್ಕೆ ಮನೆ ಕೆಡವುವವರ ಸುತ್ತಿಗೆಗಳ ಸದ್ದು ಒಟ್ಟಿಗೆ ನಿಂತಿತು. ಚೌಕಟ್ಟಿನ ಆಚೆಯಿಂದ, ಮನೆಯೇ ಇಲ್ಲದ ಕಡೆಯಿಂದ, ತಣ್ಣನೆಯ ಗಾಳಿ ನನ್ನ ಮುಖಕ್ಕೆ ಬಡಿಯಿತು. ಊಟದ ಬಿಡುವಿರಬೇಕು ಎಂದುಕೊಂಡೆ. ಬೆಳಿಗ್ಗೆ ಹತ್ತಕ್ಕೆ ಯಾರ ಊಟ ಎಂದು ನನಗೆ ಹೊಳೆಯಲಿಲ್ಲ.

ವಿಡಿಯೊ ಎಲ್ಲ ಕಡೆ ಓಡಿತು. ಟೂರ್ ನಡೆಸುವವರು ಕುಣಿದಾಡಿದರು. 'ಮನೆ ಹೋಯಿತು, ಹೊಸ್ತಿಲು ಹಾಡುತ್ತಿದೆ' ಎಂದು ಪೋಸ್ಟರ್ ಹಾಕಿ, ಆ ಗಿಟಾರ್ ಹೆಸರಿನಲ್ಲೇ ಟಿಕೆಟ್ ಮಾರಲು ಶುರುಮಾಡಿದರು.

ಗಿಟಾರ್ ತಯಾರಾಗಿದ್ದು ಹುಳಿಮಾವಿನ ಒಂದು ವರ್ಕ್‌ಶಾಪಿನಲ್ಲಿ. ಹೊಸ್ತಿಲನ್ನು ಕೊಯ್ದಾಗ ಮರ ಒಳಗಿನವರೆಗೂ ಹಳದಿಯಾಗಿತ್ತಂತೆ. ಬಣ್ಣ ಬಳಿಯುವ ಪ್ರಶ್ನೆಯೇ ಬರಲಿಲ್ಲ. ಅದೇ ಮನೆಯ ಹಳೆಯ ಬಾಗಿಲ ಹಿತ್ತಾಳೆ ಗುಂಡಿಗಳನ್ನೇ ವಾಲ್ಯೂಮ್ ತಿರುಗಿಸುವುದಕ್ಕೆ ಕೂರಿಸಿದರು. ನೋಡಲು ಬಹಳ ಚೆಂದವಿತ್ತು. ಮನೆಗೆ ತಂದು ಆಂಪ್ಲಿಫೈಯರ್‌ಗೆ ಜೋಡಿಸಿ, ಕಣ್ಣು ಮುಚ್ಚಿ, ತಂತಿಯ ಮೇಲೆ ಕೈಯಿಟ್ಟೆ.

"ಹ್ಞೂಂ" ಎಂದಿತು.

ಅದು ಸ್ವರವಲ್ಲ. ಒಳಕೋಣೆಯಲ್ಲಿ ಕೂತ ಹಿರಿಯರೊಬ್ಬರು, ಬಂದವರು ಯಾರೆಂದು ತಿಳಿದೂ ಏಳದೆ, ಗಂಟಲಲ್ಲೇ ಎನ್ನುತ್ತಾರಲ್ಲ, ಅಂಥ ಹ್ಞೂಂ. ಕೈ ತೆಗೆದೆ, ನಿಂತಿತು. ಮತ್ತೆ ಇಟ್ಟೆ, ಹ್ಞೂಂ.

ಅರ್ಥಿಂಗ್ ಪ್ರಾಬ್ಲಂ ಎಂದು ತೀರ್ಪು ಕೊಟ್ಟೆ. ಎಲೆಕ್ಟ್ರಿಕ್ ಗಿಟಾರ್ ಗುಂಯ್ ಎನ್ನುವುದು ಹೊಸದೇನಲ್ಲ. ಆದರೆ ಸಾಮಾನ್ಯವಾಗಿ ನಾವು ಮುಟ್ಟಿದರೆ ಆ ಸದ್ದು ನಿಲ್ಲುತ್ತದೆ. ಇದು ಮುಟ್ಟಿದರೆ ಶುರುವಾಗುತ್ತಿತ್ತು.

ಮರುದಿನ ಬಿಟಿಎಂ ಲೇಔಟಿನ ಒಂದು ರೂಮಿನಲ್ಲಿ ನಮ್ಮ ಪ್ರಾಕ್ಟೀಸ್. ಬ್ಯಾಂಡಿನ ಎರಡನೇ ಗಿಟಾರಿಸ್ಟ್ ಮೇಘಾ, ನನ್ನ ಅರ್ಧ ವಯಸ್ಸಿನವಳು, "ಕೊಡಿ ಸಾರ್, ನೋಡ್ತೀನಿ" ಎಂದು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬಂದಳು. ಆ ರೂಮಿನಲ್ಲಿ ಯಾರೂ ಚಪ್ಪಲಿ ಬಿಡುವ ಪದ್ಧತಿ ಇರಲಿಲ್ಲ. ಯಾಕೆ ಬಿಟ್ಟೆ ಎಂದರೆ ಅವಳಿಗೂ ಗೊತ್ತಿಲ್ಲ. ಅವಳು ನುಡಿಸಿದಳು. ಎಂಥ ನಾದ! ಮನೆಯೊಂದರ ಎಲ್ಲ ಕೋಣೆಗಳಲ್ಲಿ ಒಟ್ಟಿಗೆ ದೀಪ ಹಚ್ಚಿದಂತೆ ಇತ್ತು. ನನ್ನ ಕೈಗೆ ಬಂದೊಡನೆ, ಹ್ಞೂಂ.

ನಮ್ಮ ಸೌಂಡ್ ನೋಡಿಕೊಳ್ಳುವ ಕಿರಣ್ ಎದ್ದು ಬಂದ. "ಸಾರ್, ನಿಮ್ಮ ಮೈಮೇಲೆ ಏನೋ ಇದೆ. ಮೆಟಲ್ ಎಲ್ಲಾ ತೆಗೀರಿ."

ಮೊಬೈಲ್, ವಾಚು, ಉಂಗುರ, ಬೆಲ್ಟು ತೆಗೆದೆ. ಕನ್ನಡಕ ತೆಗೆದೆ. ಕೊನೆಗೆ ಗೋಡೆಯ ಕಡೆ ತಿರುಗಿ ಬೆಳ್ಳಿಯ ಉಡಿದಾರವನ್ನೂ ಬಿಚ್ಚಿ ಕಿರಣ್ ಕೈಗಿಟ್ಟೆ. ಒಂದು ಕೈಯಲ್ಲಿ ಜಾರುವ ಪ್ಯಾಂಟು, ಇನ್ನೊಂದರಲ್ಲಿ ಗಿಟಾರ್ ಹಿಡಿದು ಕುರುಡನಂತೆ ನಿಂತೆ. ಹ್ಞೂಂ.

"ಕೇಬಲ್ ಇರ್ಬೇಕು" ಎಂದು ಕಿರಣ್ ಅದನ್ನು ಎಳೆದ. ಕೇಬಲ್ ಕಳಚಿ ಅವನ ಕೈಗೆ ಬಂತು. ಆಂಪ್ಲಿಫೈಯರ್‌ಗೂ ಗಿಟಾರಿಗೂ ಈಗ ಸಂಬಂಧವೇ ಇರಲಿಲ್ಲ. ಆದರೂ ಹ್ಞೂಂ ಎನ್ನುತ್ತಲೇ ಇತ್ತು.

ಕಿರಣ್ ನನ್ನ ಉಡಿದಾರವನ್ನು ಮೆಲ್ಲನೆ ಟೇಬಲ್ ಮೇಲಿಟ್ಟು ಟೀ ಕುಡಿಯಲು ಹೋದ. ನನ್ನ ಬೆನ್ನಿನಲ್ಲಿ ಚಳಿ ಹತ್ತಿದ್ದು ನಿಜ. ಆದರೂ ನಾನು ಧೈರ್ಯವಂತನಂತೆ ಗಿಟಾರನ್ನು ಪೆಟ್ಟಿಗೆಗೆ ಹಾಕಿ, ಪಕ್ಕದಲ್ಲಿದ್ದ ಕೆಂಪಿಯನ್ನು ಎತ್ತಿಕೊಂಡೆ. ಕೆಂಪಿಯೂ ಹ್ಞೂಂ ಎಂದಳು. ಕರಿಯನಂತೂ ದಪ್ಪ ದನಿಯವನು. ಇಷ್ಟು ವರ್ಷ ಸಾಕಿದ ಗಿಟಾರ್‌ಗಳು ಒಂದೇ ದಿನದಲ್ಲಿ ಪಾರ್ಟಿ ಬದಲಾಯಿಸಿದ್ದವು.

ಮನೆಯಲ್ಲಿ ವಿಷಯ ಇನ್ನೂ ಮುಂದೆ ಹೋಯಿತು. ಒಂದು ಸಂಜೆ ನಾನು ಗೇಟು ತೆಗೆಯುವಷ್ಟರಲ್ಲಿ ವಾಣಿ ಕಾಫಿ ಲೋಟ ಹಿಡಿದು ನಿಂತಿದ್ದಳು.

"ನಾನು ಬರೋದು ಹೇಗೆ ಗೊತ್ತಾಯ್ತು?"

"ರೂಮಲ್ಲಿ ಪೆಟ್ಟಿಗೆ ಒಳಗಿಂದ ಶುರುವಾಗುತ್ತಲ್ಲ. ನೀವು ದೇವಸ್ಥಾನದ ಹತ್ರ ತಿರುಗಿದ ಕೂಡ್ಲೆ ಅನ್ನುತ್ತೆ. ನಾನು ಹಾಲು ಇಡ್ತೀನಿ."

"ನಿನಗೆ ಭಯ ಆಗಲ್ವಾ?"

"ನನ್ನ ಮೇಲೇನೂ ಕೋಪ ಇಲ್ಲವಲ್ಲ ಅದಕ್ಕೆ" ಎಂದು ಅವಳು ಲೋಟ ಕೊಟ್ಟು ಒಳಗೆ ಹೋದಳು.

ಟೂರಿಗೆ ಒಂದು ವಾರ ಉಳಿದಿತ್ತು. ಆ ಗಿಟಾರ್ ಬಿಟ್ಟು ಹೋಗುವಂತಿಲ್ಲ, ಟಿಕೆಟ್ ಮಾರಿದ್ದೇ ಅದನ್ನು ತೋರಿಸಿ. ಅದು ಹೋದರೆ ನಾನು ಹೋಗುವಂತಿಲ್ಲ. ವಾಣಿಯನ್ನೂ ಕರೆದುಕೊಂಡು, ಜೆಪಿ ನಗರದಲ್ಲಿ ಬಾಡಿಗೆಗಿದ್ದ ದೊಡ್ಡಮ್ಮನ ಬಳಿ ಗಿಟಾರ್ ಸಮೇತ ಓಡಿದೆ.

ದೊಡ್ಡಮ್ಮ ಪೆಟ್ಟಿಗೆ ತೆಗೆಸಿದರು. ಹಳದಿ ಮರದ ಮೇಲೆ ಒಮ್ಮೆ ಕೈಯಾಡಿಸಿದರು. ಅದು ಕಮಕ್ ಕಿಮಕ್ ಎನ್ನಲಿಲ್ಲ.

"ತುಳಿದ್ಯಾ?" ಎಂದರು.

ನಾನು ವಾಣಿಯ ಮುಖ ನೋಡಿದೆ. ವಾಣಿ ಫ್ಯಾನು ನೋಡಿದಳು.

"ಪ್ರಚಾರಕ್ಕೆ ದೊಡ್ಡಮ್ಮ. ಒಂದೇ ಒಂದು ಸಲ."

"ಬೂಟು ಹಾಕ್ಕೊಂಡಾ?"

ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಗಿಟಾರೇ ಕೊಟ್ಟಿತು.

"ಹೋಗಿ ಸ್ನಾನ ಮಾಡು. ಪಂಚೆ ಉಟ್ಕೊಂಡು ಬಾ. ತಪ್ಪಾಯ್ತು ಅಂತ ಬಾಯಿ ಬಿಟ್ಟು ಹೇಳು" ಎಂದರು.

ಎಲ್ಲ ಮಾಡಿದೆ. ಗಿಟಾರನ್ನು ಮಣೆಯ ಮೇಲೆ ಮಲಗಿಸಿ, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಅಡ್ಡಬಿದ್ದೆ. ಮನೆ ನಿಶ್ಶಬ್ದವಾಯಿತು. ಮೊದಲ ಸಲ ನಾನು ಮುಟ್ಟಿದರೂ ಅದು ಸುಮ್ಮನಿತ್ತು. ಕಣ್ಣಲ್ಲಿ ನೀರು ಬಂತು. ಅಷ್ಟಕ್ಕೇ ಎದ್ದು ಬಂದಿದ್ದರೆ ಈ ಬರಹದ ಅಗತ್ಯ ಬರುತ್ತಿರಲಿಲ್ಲ. ಆದರೆ ನಾನು ಮಲಗಿದಲ್ಲಿಂದಲೇ ತಲೆಯೆತ್ತಿ, "ವಾಣಿ, ವಿಡಿಯೊ ಬಂತಾ? ಮುಖದ ಮೇಲೆ ಬೆಳಕು ಸಾಲ್ದು, ಇನ್ನೊಂದ್ಸಲ ಬೀಳ್ತೀನಿ" ಎಂದುಬಿಟ್ಟೆ.

ಕಿಟಕಿಯ ಗಾಜುಗಳು ಅದುರಿದವು. ಅಂಥ ಹ್ಞೂಂ ನಾನು ಅದುವರೆಗೆ ಕೇಳಿರಲಿಲ್ಲ. ಮಣೆಯ ಮುಂದಿನ ದೀಪ ತಾನಾಗಿ ಸಣ್ಣದಾಯಿತು.

ದೊಡ್ಡಮ್ಮ ನಿಟ್ಟುಸಿರು ಬಿಟ್ಟರು. "ಬೇಡಪ್ಪ, ನೀನು ಸ್ವಲ್ಪ ದೂರಾನೇ ಇರು. ಆ ಹುಡುಗಿ ನುಡಿಸ್ಲಿ."

ಮೊದಲ ಶೋ ಜೆಪಿ ನಗರದ ಒಂದು ಸಭಾಂಗಣದಲ್ಲಿತ್ತು. ಪೋಸ್ಟರಿನಲ್ಲಿ ನನ್ನ ಚಿತ್ರ ಆಳೆತ್ತರಕ್ಕಿತ್ತು. ನಾನು ಪಾರ್ಕಿಂಗಿನಲ್ಲಿದ್ದೆ. ಒಳಗೆ ಜನ ಕೂಗುವುದು ಕೇಳಿಸಿತು. ನನ್ನ ಬೆರಳುಗಳು ತಾವಾಗಿ ಪ್ಯಾಂಟಿನ ಮೇಲೆ ನುಡಿಸತೊಡಗಿದವು. ಅಷ್ಟರಲ್ಲಿ ಕಿರಣ್ ಏದುಸಿರು ಬಿಡುತ್ತಾ ಓಡಿಬಂದ.

"ಸಾರ್, ಬೇಜಾರ್ ಮಾಡ್ಕೋಬೇಡಿ. ಇನ್ನೊಂದು ಸ್ವಲ್ಪ ಹಿಂದೆ ಹೋಗ್ತೀರಾ?"

ಮೇನ್ ರೋಡಿಗೆ ಹೋದೆ. ಫೋನ್ ಬಂತು, ಇನ್ನೂ ಸ್ವಲ್ಪ ಸಾರ್. ಫುಟ್‌ಪಾತಿನ ಇಡ್ಲಿ ಗಾಡಿಯ ಆಚೆ ಹೋದೆ. ಇನ್ನೂ ಸ್ವಲ್ಪ. ಕೊನೆಗೆ ಆಟೊ ಹತ್ತಿದೆ. "ಎಲ್ಲಿಗೆ ಸಾರ್?" ಎಂದ ಆಟೊದವನು. "ದೂರ" ಎಂದೆ. ಅಂಜನಾಪುರದ ಹತ್ತಿರ ಫೋನು ಸುಮ್ಮನಾಯಿತು. ಅಲ್ಲೇ ಇಳಿದು, ಮುಚ್ಚಿದ ಅಂಗಡಿಯೊಂದರ ಮುಂದೆ ನಿಂತುಕೊಂಡೆ.

ಬಹಳ ಹೊತ್ತಿನ ಮೇಲೆ ವಾಣಿ ಫೋನ್ ಮಾಡಿದಳು. ಅವಳ ದನಿ ಸಣ್ಣಗಾಗಿತ್ತು.

"ರೀ, ಎಲ್ಲಾ ಚೆನ್ನಾಗಾಯ್ತು. ಕೊನೇಲಿ ಮೇಘಾ ಮೈಕಲ್ಲಿ, ಈ ಗಿಟಾರ್ ಮಾಡಿಸಿದ್ದು ಪ್ರಸನ್ನ ಸಾರ್ ಅಂತ ಹೇಳಿದ್ಲು. ಆಗ ಯಾರೂ ಮುಟ್ಟಿರ್ಲಿಲ್ಲ. ಸ್ಟ್ಯಾಂಡ್ ಮೇಲೆ ನಿಂತಿದ್ದ ಹಾಗೇನೇ ಅದು ಹ್ಞೂಂ ಅಂತು. ಇಡೀ ಹಾಲಿಗೆ ಕೇಳಿಸ್ತು."

"ಜನ ಹೆದರಿದ್ರಾ?"

"ಇಲ್ಲ. ಒನ್ಸ್ ಮೋರ್ ಅಂದ್ರು."

ಟೂರ್ ಈಗಲೂ ನಡೆದಿದೆ. ಮೈಸೂರಿನಲ್ಲಿ ಗೆದ್ದಿತು, ಹುಬ್ಬಳ್ಳಿಯಲ್ಲಿ ಇನ್ನೊಂದು ದಿನ ಹೆಚ್ಚು ನಡೆಯಿತು, ಹೊಸ ಊರುಗಳು ಸೇರುತ್ತಿವೆ. ಪ್ರತಿ ಶೋ ಮುಗಿಯುವಾಗ ದೀಪಗಳನ್ನೆಲ್ಲ ಆರಿಸುತ್ತಾರೆ. ಮೇಘಾ ಮೈಕಿನ ಹತ್ತಿರ ಬಂದು ಮೆಲ್ಲಗೆ ನನ್ನ ಹೆಸರು ಹೇಳುತ್ತಾಳೆ. ಕತ್ತಲಲ್ಲಿ ಗಿಟಾರ್ ಹ್ಞೂಂ ಎನ್ನುತ್ತದೆ. ಜನಕ್ಕೆ ಮೈಯೆಲ್ಲ ಜುಮ್ಮೆನ್ನುತ್ತದಂತೆ, ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರಂತೆ. ನಮ್ಮ ಬ್ಯಾಂಡಿಗೆ ಇಷ್ಟು ವರ್ಷದಲ್ಲಿ ನಾನು ಕೊಟ್ಟ ಅತ್ಯುತ್ತಮ ಸ್ವರ ಇದೇ ಎಂದು ಕಿರಣ್ ಹೇಳುತ್ತಾನೆ. ಆ ಹೊತ್ತಿಗೆ ಬನಶಂಕರಿಯಲ್ಲಿ ನಾನು ಸಾಮಾನ್ಯವಾಗಿ ಅನ್ನಕ್ಕೆ ಇಟ್ಟಿರುತ್ತೇನೆ.