ಅಮ್ಮನಿಗೊಂದು ಸೆಟ್

ಫ್ರೇಮಣ್ಣ ಕೆಲಸಕ್ಕೆ ಹೊರಡುವ ಅವಸರದಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಟಿವಿಯ ಮುಂದೆ ನಿಂತಿದ್ದಾಗ, ಹಿಂದಿನಿಂದ ಅಮ್ಮ ಒಂದು ಮಾತು ಕೇಳಿದಳು. ಆಗ ಅವನು ಒಂದು ಸಲ ತಿರುಗಿ ನೋಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಟಿವಿಯಲ್ಲಿ ಹವಾಮಾನದ ಸುದ್ದಿ ಬರುತ್ತಿತ್ತು. ದಿನವಿಡೀ ಅಂಗಡಿಯೊಳಗೆ ಕೂತು ದುಡಿಯುವ ಅವನಿಗೆ ಮಳೆ ಬಂದರೆಷ್ಟು ಬಿಟ್ಟರೆಷ್ಟು. ಆದರೂ ನೋಡುತ್ತಿದ್ದ.

“ಮಗಾ, ನಾಚಿಕೆ ಬಿಟ್ಟು ಕೇಳ್ತಿದ್ದೀನಿ. ನಂಗೊಂದು ಹೊಸ ಸೆಟ್ ತಂದುಕೊಡ್ತೀಯಾ?”

“ಯಾಕಮ್ಮ, ಈಗಿರೋದಕ್ಕೆ ಏನಾಯ್ತು?”

“ಅಲ್ಲಾಡತ್ತೆ ಕಣೋ. ಮಧ್ಯೆ ಮಧ್ಯೆ ಟಕ್ ಅಂತ ಸದ್ದು ಬೇರೆ. ನಾಲ್ಕು ಜನ ಬಂದಾಗ ಮುಖ ತೋರಿಸೋಕಾಗಲ್ಲ. ನಿಮ್ಮಪ್ಪ ಇದ್ದಾಗಿನದು, ಇನ್ನೆಷ್ಟು ದಿನ ಅಂತ ಬಾಳಿಕೆ ಬಂದೀತು?”

ಹೇಳಿ ಕಳಿಸಿದಂತೆ ಅದೇ ಹೊತ್ತಿಗೆ ಹವಾಮಾನದ ಹೆಂಗಸು ತೆರೆಯ ಮೇಲೆ ಅಡ್ಡಡ್ಡ ಅಲ್ಲಾಡಿದಳು. ಅವಳ ಮೂಗು ಒಂದು ಕಡೆ, ಬಾಯಿ ಒಂದು ಕಡೆ ಆಯಿತು. ಒಳಗೆಲ್ಲೋ ಟಕ್ ಎಂಬ ಸದ್ದೂ ಬಂತು. ಫ್ರೇಮಣ್ಣ ಪೆಟ್ಟಿಗೆಯ ತಲೆಗೊಂದು ಗುದ್ದಿದ. ಮೂಗು ಸ್ವಸ್ಥಾನಕ್ಕೆ ಮರಳಿತು.

ಅವನಿಗೆ ಈ ಅಡ್ಡಹೆಸರು ಬಂದದ್ದು ಕಸುಬಿನಿಂದ. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಮುಖಕ್ಕೆ ಫ್ರೇಮು ಕೂರಿಸುವುದು ಅವನ ಕೆಲಸ. ಗೇಣು ದೂರದಲ್ಲಿ ಸ್ಟೂಲಿನ ಮೇಲೆ ಕೂತು, ಕಂಡವರ ಮುಖವನ್ನೆಲ್ಲ ದಿನವಿಡೀ ನೋಡುತ್ತಿದ್ದ. ಯಾರ ಮೂಗು ಎಡಕ್ಕೆ ವಾಲಿದೆ, ಯಾರ ಕಿವಿ ಮೇಲೆ ಕೆಳಗೆ ಇದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಇಷ್ಟೊಂದು ಮುಖ ನೋಡಿದವನಿಗೆ ಮದುವೆಗೆ ಮಾತ್ರ ಒಂದು ಮುಖವೂ ಒದಗಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಅಮ್ಮ, ಮಗ ಇಬ್ಬರೇ ಇದ್ದರು.

ಅಮ್ಮ ಇತ್ತೀಚೆಗೆ ಇಳಿದುಹೋಗುತ್ತಿದ್ದಳು. ಹೊರಗೆ ಬರುವುದಿಲ್ಲ, ಯಾರ ಜತೆಯೂ ಮಾತಿಲ್ಲ. ಊಟಕ್ಕೆ ಕರೆದರೆ “ನಂದು ಆಮೇಲೆ” ಎನ್ನುವಳು. ಹಾಲಿನಲ್ಲಿ ಬ್ರೆಡ್ ನೆನೆಸಿ ಎರಡು ಚಮಚ ತಿಂದರೆ ಅವಳ ಊಟ ಮುಗಿಯುತ್ತಿತ್ತು. ಎದುರುಮನೆಯ ನರ್ಸಮ್ಮ ಅವನನ್ನು ಗೇಟಿನ ಹತ್ತಿರ ನಿಲ್ಲಿಸಿ, “ಅಮ್ಮ ತುಂಬಾ ಸೊರಗ್ತಿದ್ದಾರೆ, ಸ್ವಲ್ಪ ಗಮನ ಕೊಡಿ” ಎಂದಿದ್ದಳು. ಒಂಟಿತನ ಅಮ್ಮನನ್ನು ತಿನ್ನುತ್ತಿದೆ, ಅವಳಿಗೆ ಬದುಕೇ ಬೇಡವಾಗಿದೆ ಎಂದು ಫ್ರೇಮಣ್ಣ ತನ್ನೊಳಗೇ ತೀರ್ಮಾನಿಸಿದ್ದ. ರಾತ್ರಿ ಅದನ್ನೇ ನೆನೆದು ಮಗ್ಗುಲು ಬದಲಿಸುತ್ತಿದ್ದ. ಅಂಥ ಅಮ್ಮ ಇಂದು ಬಾಯಿಬಿಟ್ಟು ಏನನ್ನೋ ಕೇಳಿದ್ದಾಳೆ!

“ಇವತ್ತೇ ತರ್ತೀನಮ್ಮ.”

“ಇವತ್ತೇನಾ? ಅಳತೆಗೆ ನಾನೂ ಬರಬೇಡ್ವೇನೋ?”

“ಅಳತೆ ನನ್ನ ಕಣ್ಣಲ್ಲೇ ಇದೆ. ದಿನಾ ನೋಡ್ತಿಲ್ವಾ?” ಎಂದು ಅವನು ಟಿವಿಯ ಹಿಂದಿನ ಗೋಡೆಯನ್ನು ದಿಟ್ಟಿಸಿ ನೋಡಿದ.

ಅಂಗಡಿಯಲ್ಲಿ ಅರ್ಧ ದಿನದ ರಜೆ ಕೇಳಿದ್ದೇ ತಡ, ಲೆನ್ಸ್ ಉಜ್ಜುವ ಉಜ್ಜಣ್ಣ ಏಪ್ರನ್ ಬಿಚ್ಚಿಟ್ಟು ಎದ್ದುನಿಂತ. “ಗಾಜಿನ ವ್ಯವಹಾರಕ್ಕೆ ನನ್ನ ಬಿಟ್ಟು ಹೋಗ್ತೀಯಾ? ಟೋಪಿ ಹಾಕಿ ಕಳಿಸ್ತಾರೆ ಅಷ್ಟೆ. ನಡಿ.”

ಬೀದಿ ತುದಿಯಲ್ಲಿ ಸಿಕ್ಕವರು ಫ್ರೇಮಣ್ಣನ ಮೇಲಿನ ಮನೆಯ ಮೀಟರ್ ಮಾವ. ಜೀವಮಾನವೆಲ್ಲ ಮನೆಮನೆಯ ಕರೆಂಟ್ ಮೀಟರ್ ಓದಿ ನಿವೃತ್ತರಾದವರು. ಓದಲು ಈಗ ಮೀಟರುಗಳಿಲ್ಲದ ಕಾರಣ ಪಕ್ಕದ ಮನೆಯವರ ಮುಖಗಳನ್ನು ಓದುತ್ತಿದ್ದರು.

“ಟಿವಿನಾ? ನನ್ನ ಕೇಳದೆನೇ? ಎಷ್ಟು ಕರೆಂಟ್ ಎಳೆಯತ್ತೆ ಅಂತ ಯಾರಯ್ಯ ನೋಡೋರು?” ಎಂದು ಅವರೂ ಹಿಂದೆ ಬಿದ್ದರು. ಬೇಡ ಎನ್ನಲು ಫ್ರೇಮಣ್ಣನಿಗೆ ಬರುತ್ತಿರಲಿಲ್ಲ. ಮದುವೆಯಾಗದೆ ಉಳಿದದ್ದಕ್ಕೆ ಇದೂ ಒಂದು ಕಾರಣ. ಅವನ ಬದಲಿಗೆ ಯಾವಾಗಲೂ ಬೇರೆ ಯಾರೋ ಮಾತಾಡಿ ಮುಗಿಸಿರುತ್ತಿದ್ದರು.

ಟಿವಿ ಅಂಗಡಿಯಲ್ಲಿ ಗೋಡೆ ತುಂಬ ಟಿವಿಗಳು, ಎಲ್ಲದರಲ್ಲೂ ಒಂದೇ ಮೀನು ಈಜುತ್ತಿತ್ತು. ಟೈ ಕಟ್ಟಿದ ಮಾರಾಟದವನು ನಗುತ್ತ ಬಂದ.

“ಯಾರಿಗೆ ಸಾರ್?”

“ಅಮ್ಮಂಗೆ.”

“ಅಮ್ಮಂಗೆ ಕಣ್ಣು ಹೇಗೆ ಸಾರ್?”

“ದೂರಕ್ಕೆ ಎಡಗಣ್ಣು ಒಂದೂವರೆ, ಬಲಗಣ್ಣು ಒಂದೂಕಾಲು. ಓದೋಕೆ ಎರಡೂವರೆ. ಮೂಗಿನ ಪಟ್ಟಿ ಸ್ವಲ್ಪ ಅಗಲ ಬೇಕಾಗತ್ತೆ,” ಎಂದು ಫ್ರೇಮಣ್ಣ ಒಂದೇ ಉಸಿರಿಗೆ ಹೇಳಿದ. ಮಾರಾಟದವನು ಟಿವಿಗೂ ಮೂಗಿನ ಪಟ್ಟಿಗೂ ಏನು ಸಂಬಂಧ ಎಂದು ಯೋಚಿಸುತ್ತ ನಿಂತ.

ಫ್ರೇಮಣ್ಣನ ಕಣ್ಣು ಮೂಲೆಯಲ್ಲಿದ್ದ ಒಂದು ಸಾಧಾರಣ ಟಿವಿಯ ಮೇಲೆ ನಿಂತಿತು. ಚಿತ್ರ ಅಲ್ಲಾಡುತ್ತಿರಲಿಲ್ಲ, ಸದ್ದಿಲ್ಲ, ಗೋಡೆಗೂ ಹೊಂದುತ್ತಿತ್ತು. “ಇದೇ ಸಾಕು” ಎಂದು ಬಾಯಿ ತೆರೆಯುವಷ್ಟರಲ್ಲಿ ಮೀಟರ್ ಮಾವ ಅದರ ಬೆನ್ನಿಗೆ ಹೋಗಿ ಬಗ್ಗಿ ಏನೋ ಓದುತ್ತಿದ್ದರು. ಉಜ್ಜಣ್ಣ ಅಂಗಡಿಯ ನಡುವೆ ಇಟ್ಟಿದ್ದ, ಬಾಗಿಲಷ್ಟು ಅಗಲದ ದೈತ್ಯ ಟಿವಿಯ ಮುಂದೆ ನಿಂತಿದ್ದ.

“ಇದಕ್ಕೆ ಗಾಜೇ ಇಲ್ಲವಲ್ಲೋ!”

“ಈಗೆಲ್ಲ ಹೀಗೇ ಸಾರ್. ದಯವಿಟ್ಟು ಮುಟ್ಟಬೇಡಿ,” ಎಂದ ಮಾರಾಟದವನು.

ಮುಟ್ಟಬೇಡಿ ಎಂದರೆ ಉಜ್ಜಣ್ಣನಿಗೆ ಅವಮಾನ. ಕೈಗೆ ಬಂದ ಪ್ರತಿ ಲೆನ್ಸನ್ನೂ ಹೆಬ್ಬೆರಳಲ್ಲಿ ಒತ್ತಿ, ಬಿಗಿ ನೋಡಿಯೇ ಫ್ರೇಮಿಗೆ ಹಾಕುವುದು ಅವನ ಪದ್ಧತಿ. “ಗಾಜೋ ಪ್ಲಾಸ್ಟಿಕ್ಕೋ, ಒತ್ತಿದ್ರೆ ತಾನೇ ಗೊತ್ತಾಗೋದು?” ಎಂದವನೇ ಈಜುತ್ತಿದ್ದ ಮೀನಿನ ಹೊಟ್ಟೆಗೆ ಹೆಬ್ಬೆರಳಿಟ್ಟು ಬಲವಾಗಿ ಒತ್ತಿದ.

ಒಳಗೆ ಏನೋ ಚಟ್ ಎಂದಿತು. ಒತ್ತಿದ ಜಾಗದಲ್ಲಿ ಮಸಿ ಚೆಲ್ಲಿದಂತೆ ಒಂದು ಕಪ್ಪು ಕಲೆ ಹರಡಿ ನಿಂತಿತು. ಮೀನು ಅದರೊಳಗೆ ಹೋಗುವುದು, ಆಚೆಯಿಂದ ಬರುವುದು ಮಾಡತೊಡಗಿತು.

ಆಮೇಲಿನ ಮಾತುಕತೆಯಲ್ಲಿ ‘ಸಾರ್’ ಎಂಬ ಪದ ಕೇಳಿಸಲಿಲ್ಲ. ಅಂಗಡಿಯ ಯಜಮಾನ ಬಂದ. ಉಜ್ಜಣ್ಣ ತನ್ನ ಹೆಬ್ಬೆರಳನ್ನೇ ಅಪರಿಚಿತನಂತೆ ನೋಡುತ್ತ ಹಿಂದೆ ಸರಿದ. ಮೀಟರ್ ಮಾವ “ನಾನು ಸುಮ್ನೆ ಜತೆಗೆ ಬಂದೋನು” ಎಂದರು. ಕೊನೆಗೆ ಉಳಿದವನು ಟಿವಿ ಕೊಳ್ಳಲು ಬಂದವನೊಬ್ಬನೇ. ಕಲೆಯಾದ ಆ ದೈತ್ಯವನ್ನು ಅವನೇ ಒಯ್ಯಬೇಕು, ಮನೆಯ ಹಳೆಯ ಟಿವಿಯನ್ನು ಬದಲಿಗೆ ಕೊಡಬೇಕು, ಹಿಂದಿರುಗಿಸುವ ಮಾತೇ ಇಲ್ಲ ಎಂದು ತೀರ್ಮಾನವಾಯಿತು. ಫ್ರೇಮಣ್ಣ ಕೂಡಿಟ್ಟದ್ದೆಲ್ಲ ಅಲ್ಲೇ ಕರಗಿತು. ಆದರೂ ಸಮಾಧಾನ ಮಾಡಿಕೊಂಡ. ದೊಡ್ಡದಾದರೆ ಅಮ್ಮನಿಗೆ ಇನ್ನೂ ಚೆನ್ನಾಗಿ ಕಾಣುತ್ತದೆ. ಕಲೆ ಒಂದು ಮೂಲೆಯಲ್ಲಿದೆ, ಅವಳು ಅಷ್ಟೆಲ್ಲ ಎಣಿಸುವವಳಲ್ಲ.

ಮನೆಯ ಬಾಗಿಲಲ್ಲಿ ಟಿವಿ ನೇರ ಹೋಗಲಿಲ್ಲ, ಅಡ್ಡ ಹೋಗಲಿಲ್ಲ. “ಓರೆ ಮಾಡಿ, ಓರೆ!” ಎಂದು ಮೀಟರ್ ಮಾವ ಕೂಗಿದರು. ಓರೆ ಮಾಡಿದಾಗ ಫ್ರೇಮಣ್ಣನ ಮೊಣಕೈ ಚೌಕಟ್ಟಿಗೆ ತರಚಿ ಚರ್ಮ ಕಿತ್ತುಬಂತು. ಒಳಗೆ ಜಾಗ ಸಾಲದೆ ಕಪಾಟನ್ನು ಅಡುಗೆಮನೆಗೆ ನೂಕಬೇಕಾಯಿತು, ಗೋಡೆಯ ಮೇಲಿದ್ದ ಅಪ್ಪನ ಫೋಟೋ ಕಪಾಟಿನ ತಲೆಯ ಮೇಲೆ ಹೋಗಿ ಕೂತಿತು. ಹೊತ್ತು ತಂದ ಅಂಗಡಿಯ ಆಳುಗಳು ಹಳೆಯ ಟಿವಿಯನ್ನು ಎತ್ತಿಕೊಂಡು ಹೊರಟೇಬಿಟ್ಟರು.

ಈ ಗದ್ದಲಕ್ಕೆ ಅಮ್ಮ ಒಳಕೋಣೆಯಿಂದ ಬಂದಳು. ತಲೆ ಬಾಚಿಕೊಂಡಿದ್ದಳು, ಹೊರಗೆ ಹೋಗುವಾಗ ಮಾತ್ರ ಉಡುವ ಬಟ್ಟೆ ಉಟ್ಟಿದ್ದಳು. ಕೈಯಲ್ಲೊಂದು ಬಟ್ಟಲು, ಅದರ ತುಂಬ ಹುರಿದ ಕಡಲೆಕಾಯಿ ಬೀಜ. ಮೇಜಿನ ಮೇಲೆ ಇಡಿಯ ಸೇಬೊಂದು ಹೊಳೆಯುತ್ತಿತ್ತು. ಎಷ್ಟು ದಿನವಾಯಿತು ಅಮ್ಮನನ್ನು ಹೀಗೆ ನೋಡಿ! ಫ್ರೇಮಣ್ಣನ ಮೊಣಕೈಯ ಉರಿ ಇಳಿಯಿತು.

ಅಮ್ಮ ಅವನ ಕೈ ನೋಡಿದಳು. ಜೇಬು ನೋಡಿದಳು. “ಎಲ್ಲೋ?” ಎಂದಳು.

“ಇಷ್ಟು ದೊಡ್ಡದು ಕಾಣಿಸ್ತಿಲ್ವೇನಮ್ಮ? ಇದೇ! ನಿನ್ನ ಸೆಟ್!”

ಅಮ್ಮ “ಓ” ಎಂದು ಕುರ್ಚಿಯಲ್ಲಿ ಕೂತಳು. ಬಟ್ಟಲು ಮಡಿಲಲ್ಲೇ ಉಳಿಯಿತು.

ಅಷ್ಟರಲ್ಲಿ ನರ್ಸಮ್ಮನೂ ಬಂದಳು. ಅಮ್ಮನೇ ಮಧ್ಯಾಹ್ನ ಅವಳನ್ನು ಕರೆದಿದ್ದಳಂತೆ. ಟಿವಿ ಹಚ್ಚಿದರು. ಮೊದಲು ಬಂದದ್ದು ಹಲ್ಲುಜ್ಜುವ ಪೇಸ್ಟಿನ ಜಾಹೀರಾತು. ಗೋಡೆ ಅಗಲಕ್ಕೂ ಒಂದು ಬಾಯಿ ತೆರೆದುಕೊಂಡಿತು. ಅದರ ತುಂಬ ಹಲ್ಲು, ಒಂದೊಂದೂ ಪುಸ್ತಕದಷ್ಟು.

“ಆಹಾ, ಏನು ಹಲ್ಲು! ಒಂದೊಂದೇ ಎಣಿಸಬಹುದು,” ಎಂದ ಉಜ್ಜಣ್ಣ.

“ಒಂದು ಕಪ್ಪಾಗಿದೆಯಲ್ಲ,” ಎಂದರು ಮೀಟರ್ ಮಾವ.

“ಅದು ಹಲ್ಲಲ್ಲ, ನನ್ನ ಹೆಬ್ಬೆರಳು.”

ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಹೆಗಲು ಅಲುಗತೊಡಗಿತು. “ನೋಡಯ್ಯ, ಅಮ್ಮಂಗೆ ಖುಷಿ ತಡೆಯೋಕಾಗ್ತಿಲ್ಲ,” ಎಂದು ಮೀಟರ್ ಮಾವ ಬಟ್ಟಲಿನಿಂದ ಒಂದು ಹಿಡಿ ಬೀಜ ತೆಗೆದುಕೊಂಡರು. ಫ್ರೇಮಣ್ಣನ ಕಣ್ಣೂ ತುಂಬಿತು. ಇಡೀ ಮನೆಯಲ್ಲಿ ಟಿವಿ ನೋಡದವಳು ನರ್ಸಮ್ಮ ಒಬ್ಬಳೇ. ಅವಳು ಅಮ್ಮನನ್ನು ನೋಡುತ್ತಿದ್ದಳು.

“ಅದಿರಲಿ ಅಮ್ಮಾ, ನಿಮ್ಮ ಹೊಸ ಸೆಟ್ ಎಲ್ಲಿ? ಹಾಕ್ಕೊಂಡು ತೋರಿಸ್ತೀನಿ ಬಾ ಅಂದಿದ್ರಿ?”

ಮೀಟರ್ ಮಾವ ನಕ್ಕುಬಿಟ್ಟರು. “ಟಿವಿ ಸೆಟ್ಟನ್ನ ಯಾರಾದ್ರೂ ಹಾಕ್ಕೋತಾರೇನಮ್ಮಾ?”

ಯಾರೂ ಜತೆಗೂಡಿ ನಗಲಿಲ್ಲ. ಅಮ್ಮ ಅಡ್ಡ ಹಿಡಿದ ಕೈಯನ್ನು ಬಾಯೊಳಗೆ ಹಾಕಿ, ಮೇಲಿನದು ಕೆಳಗಿನದು ಎರಡನ್ನೂ ಹೊರತೆಗೆದು ಮೇಜಿನ ಮೇಲೆ ಸೇಬಿನ ಪಕ್ಕಕ್ಕಿಟ್ಟಳು. ಟಕ್ ಎಂದಿತು. ನಡುವೆ ಬಿರುಕು ಬಿಟ್ಟ, ಅಂಚು ಸವೆದ ಹಲ್ಲಿನ ಸೆಟ್.

“ಇದು ಕಣೋ,” ಎಂದಳು. ಹಲ್ಲಿಲ್ಲದ ಮಾತು ಗಾಳಿಯಂತೆ ಹೊರಬಂತು. “ಒಸಡೆಲ್ಲ ಹುಣ್ಣು. ಅಗಿಯೋಕಾಗಲ್ಲ. ಮಾತಾಡಿದ್ರೆ ಬಿದ್ದುಹೋಗತ್ತೆ ಅಂತ ಯಾರ ಮುಂದೇನೂ ಬರ್ತಿರಲಿಲ್ಲ.”

ಫ್ರೇಮಣ್ಣ ಮೇಜಿನ ಮೇಲಿನ ಹಲ್ಲನ್ನೇ ನೋಡಿದ. “ಅಳತೆ ಅಂದ್ಯಲ್ಲಮ್ಮ... ಅಳತೆ ಇಲ್ಲದೆ ಹಲ್ಲು ಬರತ್ತಾ?”

“ನಿನ್ನ ಕಣ್ಣಲ್ಲೇ ಇದೆ ಅಂದ್ಯಲ್ಲ. ಊರವರ ಮುಖವೆಲ್ಲ ಅಳೆಯೋನು, ಹೇಗೋ ಗೊತ್ತಿರಬೇಕು ಅಂತ ನಂಬಿದೆ.”

ಉಜ್ಜಣ್ಣನಿಗೆ ಇದ್ದಕ್ಕಿದ್ದಂತೆ ಅಂಗಡಿಯ ನೆನಪಾಯಿತು. ಮೀಟರ್ ಮಾವ ಹಿಡಿಯಲ್ಲಿದ್ದ ಬೀಜವನ್ನು ತಿರುಗಿ ಬಟ್ಟಲಿಗೆ ಹಾಕಲೋ ಬಾಯಿಗೆ ಹಾಕಲೋ ತಿಳಿಯದೆ ಜೇಬಿಗೆ ಹಾಕಿಕೊಂಡು ಹೊರಟರು. ನರ್ಸಮ್ಮ ಅಮ್ಮನ ಹೆಗಲು ತಟ್ಟಿ, “ಹುಣ್ಣಿಗೆ ಮುಲಾಮು ಕಳಿಸ್ತೀನಿ” ಎಂದು ಹೋದಳು. ಹೋಗುವಾಗ ಫ್ರೇಮಣ್ಣನ ಕಡೆ ನೋಡಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಅಡುಗೆಮನೆಗೆ ಹೋಗಿ ಉಳಿದ ಬೀಜದ ಸಿಪ್ಪೆ ತಿಕ್ಕಿ ತೆಗೆದ. ಕಪಾಟಿನ ಮೇಲಿಂದ ಅಪ್ಪ ನೋಡುತ್ತಿದ್ದ. ಕುಟ್ಟಾಣಿಯಲ್ಲಿ ಹಾಕಿ ಕುಟ್ಟುವಾಗ ಅಳು ತಡೆಯಲಾಗಲಿಲ್ಲ, ಸದ್ದು ಕೇಳಿಸದಿರಲೆಂದು ಇನ್ನೂ ಜೋರಾಗಿ ಕುಟ್ಟಿದ. ಪುಡಿಗೆ ಸಕ್ಕರೆ ಬೆರೆಸಿ ತಂದು, ಸ್ಟೂಲು ಎಳೆದುಕೊಂಡು ಅಮ್ಮನ ಎದುರಿಗೇ, ಗಿರಾಕಿಗಳ ಮುಂದೆ ಕೂರುವಷ್ಟು ಹತ್ತಿರ, ಕೂತ.

ಆ ಮುಖವನ್ನು ಅಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ. ಕೆನ್ನೆಗಳು ಒಳಗೆ ಹೋಗಿದ್ದವು. ತುಟಿ ಮಡಚಿಕೊಂಡಿತ್ತು. ಗದ್ದದ ಮೇಲೆ ಅವನಿಗೆ ಗೊತ್ತೇ ಇಲ್ಲದ ಒಂದು ಮಚ್ಚೆ ಇತ್ತು. ಅಮ್ಮ ಹಸಿದಿದ್ದಳು, ಅಷ್ಟೆ. ಅದನ್ನು ಅವನು ಒಂಟಿತನ ಎಂದುಕೊಂಡಿದ್ದ. ಚಮಚದಲ್ಲಿ ಪುಡಿ ತೆಗೆದು ಬಾಯಿಗಿಟ್ಟ. ಅಮ್ಮ ಕಣ್ಣು ಮುಚ್ಚಿ ಚಪ್ಪರಿಸಿದಳು.

“ತಪ್ಪಾಯ್ತಮ್ಮ. ಇನ್ಮೇಲೆ ಹೀಗಾಗಲ್ಲ. ಏನಾದ್ರೂ ಮಾಡಿ ಹಲ್ಲು ಕಟ್ಟಿಸಿಕೊಡ್ತೀನಿ. ದಿನಾ ಹೀಗೇ ನಿನ್ನ ಎದುರಿಗೆ ಕೂತು ಮಾತಾಡ್ತೀನಿ. ನಿಂಗೆ ಏನು ಬೇಕು ಹೇಳು, ಏನಿದ್ರೂ ಹೇಳು.”

ಅಮ್ಮ ನುಂಗಿ, ಅವನ ಹೆಗಲ ಮೇಲಿಂದ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಕತ್ತು ಚಾಚಿದಳು.

“ಸ್ವಲ್ಪ ಆಚೆ ಸರಿಯೋ,” ಎಂದಳು. “ಟಿವಿ ಕಾಣಿಸ್ತಿಲ್ಲ.”

ಫ್ರೇಮಣ್ಣ ಸ್ಟೂಲು ಎತ್ತಿಕೊಂಡು ಪಕ್ಕಕ್ಕೆ ಹೋಗಿ ಕೂತ.